ಕಡ್ಡಿ ಜಾರುವುದು, ಪುಟ ಮೂವತ್ತೊಂದು

ಮೊನ್ನೆ ಗಾವಡಗೆರೆ ಕಡೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಹೊಗೆಸೊಪ್ಪು ಹದವಾಗುವ ವಾಸನೆ ಬಂತು. ಎದುರುಮನೆ ದೊಡ್ಡವ್ವನ ಜೊತೆ ಕೂತ ಕೊನೆಯ ಮಧ್ಯಾಹ್ನವೂ ಇದೇ ವಾಸನೆ ಇತ್ತು. ಅವತ್ತು ವಿಶೇಷವೇನೂ ಇರಲಿಲ್ಲ. ಅವರು ಸೊಪ್ಪು ಬೇಯಿಸುವ ಮನೆಯ, ಅಂದರೆ ಬ್ಯಾರನ್ನಿನ, ನೆರಳಿನಲ್ಲಿ ಕೂತು ಎಲೆಗಳನ್ನು ಕಡ್ಡಿಗೆ ಕಟ್ಟುತ್ತಿದ್ದರು...

ನಾನು ಹುಣಸೂರಿನ ಒಂದು ಸಣ್ಣ ಕಂಪನಿಯಲ್ಲಿ ಕೆಲಸಕ್ಕಿದ್ದೆ. ಬ್ಯಾರನ್ನಿನ ಒಳಗಿನ ಶಾಖವನ್ನು ಮೊಬೈಲಿನಲ್ಲಿ ತೋರಿಸುವ, ಒಲೆಗೆ ಗಾಳಿ ಊದುವ ಫ್ಯಾನನ್ನು ಅಲ್ಲಿಂದಲೇ ನಿಲ್ಲಿಸುವ ಸಾಫ್ಟ್‌ವೇರ್ ಅವರದು. ಅದರ ಕನ್ನಡ ಕೈಪಿಡಿಯ ಕೊನೆಗೆ ಪದಸೂಚಿ ಮಾಡುವುದು ನನ್ನ ಪಾಲಿಗೆ ಬಂದಿತ್ತು. ಯಾವ ಪದ ಬೇಕು, ಯಾವುದು ಬೇಡ ಎಂದು ದೊಡ್ಡವ್ವನನ್ನೇ ಕೇಳುತ್ತಿದ್ದೆ.

“ಮೊದ್ಲಿಂದ ಓದಾಕೆ ಯಾರ್ಗವ್ವ ಪುರ್ಸೊತ್ತು? ಹಿಂದ್ಗಡೆ ಹಾಳೆ ನೆಟ್ಟಗೆ ಬರಿ,” ಎಂದಿದ್ದರು.

ಅವತ್ತು ನಾನು ‘ಬೆಂಕಿ’ ಎಂದು ಓದಿದಾಗ ಅವರ ಕೈ ನಿಂತಿತು.

“ಸೊಪ್ಪು ಬೇಯೋವಾಗ ಅದ್ರ ಹೆಸ್ರು ಎತ್ತಬ್ಯಾಡ ಕಣವ್ವ. ಕಡ್ಡಿ ಜಾರ್ತು ಅಂತೀವಿ ನಾವು. ಅಂಗೇ ಬರ್ಕೊ.”

ಒಳಗೆ ಕಡ್ಡಿ ಜಾರಿ ಒಲೆಯ ಕಾದ ಕೊಳವೆಯ ಮೇಲೆ ಬಿದ್ದರೆ ಒಣಗಿದ ಸೊಪ್ಪು ಹೊತ್ತಿಕೊಳ್ಳುತ್ತದೆ. ನಮ್ಮ ಬೀದಿಯ ಹೆಂಗಸರು ಅದನ್ನು ಬೇರೆ ಹೆಸರಿನಿಂದ ಕರೆಯುತ್ತಿರಲಿಲ್ಲ. ಬರೆದುಕೊಂಡೆ: ಕಡ್ಡಿ ಜಾರುವುದು, ಪುಟ ಮೂವತ್ತೊಂದು. ಆ ಪುಟದಲ್ಲಿ ಇದ್ದದ್ದು ಎರಡೇ ಮಾತು. ಮೊದಲು ಫ್ಯಾನ್ ನಿಲ್ಲಿಸಿ. ಬಾಗಿಲು ತೆರೆಯಬೇಡಿ.

ಮ್ಯಾನೇಜರ್ ಹಾಳೆ ನೋಡಿ ನಕ್ಕರು. “ಕಡ್ಡಿ ನಮ್ಮ ಸಾಫ್ಟ್‌ವೇರಲ್ಲಿ ಎಲ್ಲಿದೆಯಮ್ಮ? ಬೆಂಕಿ ಅಂತ ಇದ್ಯಲ್ಲ, ಸಾಕು ಬಿಡಿ.” ನಾನು ಆ ಸಾಲನ್ನು ಹೊಡೆದು ಹಾಕಿದೆ.

ಕೈಪಿಡಿ ಊರಿಗೆ ಬಂದ ವಾರವೇ ಬ್ಯಾರನ್ನಿನ ಶಾಖ ಮಿತಿಮೀರಿದೆಯೆಂದು ದೊಡ್ಡವ್ವನ ಮೊಬೈಲು ಕೂಗಿಕೊಂಡಿತಂತೆ. ಆಮೇಲೆ ಅವರ ಸೊಸೆ ಹೇಳಿದಳು: “ಅತ್ತೆ ಹಿಂದ್ಗಡೆ ಹಾಳೇಲಿ ಬೆರಳಿಟ್ಕೊಂಡು ‘ಕ’ದಲ್ಲಿ ಹುಡುಕ್ತಿದ್ರು ಕಣಕ್ಕ. ಎರಡ್ ಸಲ ನೋಡುದ್ರು. ಆಮ್ಯಾಕೆ ಬ್ಯಾರನ್ ಬಾಗ್ಲು ತೆಗೆಯಕ್ಕೆ ಓಡುದ್ರು.”

ಫ್ಯಾನ್ ತಿರುಗುತ್ತಲೇ ಇತ್ತು, ತೆರೆದ ಬಾಗಿಲಿನಿಂದ ಉರಿ ಹೊರಗೆ ನುಗ್ಗಿತು...

ದೊಡ್ಡವ್ವ ಆಸ್ಪತ್ರೆಯಿಂದ ವಾಪಸು ಬರಲಿಲ್ಲ. ಆ ಪದ ಯಾಕಿರಲಿಲ್ಲ ಎಂದು ಸೊಸೆ ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದೆ. ಅವಳು ಇಂದಿಗೂ ನನಗೆ ಕಾಫಿ ಕೊಡುತ್ತಾಳೆ.

ಎರಡನೇ ಮುದ್ರಣದಲ್ಲಿ ಆ ಸಾಲನ್ನು ಯಾರ ಅಪ್ಪಣೆಗೂ ಕಾಯದೆ ಸೇರಿಸಿದೆ. ಯಾರೂ ಗಮನಿಸಲಿಲ್ಲ. ಈಗಲೂ ಅದೇ ಕೆಲಸ, ಬೇರೆ ಬೇರೆ ಕೈಪಿಡಿಗಳು. ಒಂದೊಂದು ಪದದ ಹತ್ತಿರ ಬಂದಾಗ ಪೆನ್ನು ನಿಲ್ಲುತ್ತದೆ. ಇದು ಬೇಕಾ, ಬೇಡವಾ ಎಂದು ಕೇಳಲು ದೊಡ್ಡವ್ವ ಇಲ್ಲ.