ಅಜ್ಜಿಯ ಲಾರಿಗೆ ಪಾಯಖಾನೆ ಆರಿಸಿದ್ದು

ಬಿಸಿ ಹೆಂಚಿನ ಮೇಲೆ ನೀರು ಚಿಮ್ಮಿದ ಸದ್ದಾದರೆ ಇವತ್ತಿಗೂ ನನ್ನ ಕೈ ತಾನಾಗಿ ಕಣ್ಣು ಮುಚ್ಚುತ್ತದೆ. ಮನೆಯವರು ನಗುತ್ತಾರೆ. ಅವರು ಆ ದಿನ ಸುಲೇಪೇಟದ ಆಚೆ ಲಾರಿಯ ಹಿಂದೆ ನಿಂತಿರಲಿಲ್ಲ.

ಆಗ ನಿಜಾಮರ ರಾಜ್ಯ. ನಾನು ಹೈದರಾಬಾದಿನಲ್ಲಿ ಕಾಲೇಜು ಮುಗಿಸಿ ಶಹಾಬಾದಿಗೆ ಮರಳಿ, ನೌಕರಿಯ ಅರ್ಜಿಗೆ ಜವಾಬು ಕಾಯುತ್ತಿದ್ದೆ. ಅಪ್ಪನ ತಮ್ಮ, ನಮ್ಮ ಕಾಕಾ, ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ವ್ಯಾಪಾರಿ. ಅವರ ತಾಯಿ, ಅಂದರೆ ನಮ್ಮಜ್ಜಿ, ಮೊಣಕಾಲು ಹಿಡಿದುಹೋಗಿ ಮೂರು ವರ್ಷದಿಂದ ಹೊಸಿಲು ದಾಟಿರಲಿಲ್ಲ. ಚಂದಾಪುರದಲ್ಲಿ ಅವಳ ತಂಗಿ ಹಾಸಿಗೆ ಹಿಡಿದಿದ್ದಾಳೆಂದು ಸುದ್ದಿ ಬಂತು. ಒಂದು ಸಲ ನೋಡಬೇಕೆಂದು ಅಜ್ಜಿ ಅತ್ತಳು. ಆದರೆ ಹೊರಡಲು ಒಲ್ಲೆ ಅಂದಳು.

"ದಾರ್ಯಾಗ ಹೊಲದಾಗ ಕೂತ್ರ ಏಳಾಕ ಆಗಂಗಿಲ್ಲ. ನಾಲ್ಕು ಮಂದಿ ಗಂಡಸ್ರು ಬಂದು ನನ್ನ ಎಬ್ಬಸ್ಬೇಕೇನು? ಅದಕ್ಕಿಂತ ಮನ್ಯಾಗ ಸಾಯೋದು ಚಲೋ."

ಕಾಕಾ ಹಟಕ್ಕೆ ಬಿದ್ದರು. ಕಲ್ಲು ಹೇರುತ್ತಿದ್ದ ಹಳೆಯ ಲಾರಿಗೆ ಹಲಗೆಯ ಗೋಡೆ, ತಗಡಿನ ಚಾವಣಿ, ಕಿಟಕಿ, ಮಂಚ, ಎಲ್ಲ ಕೂಡಿಸಿ ಉರುಳುವ ಮನೆ ಮಾಡಿಸಿದರು. ಅಜ್ಜಿಯ ಕೆಲಸವಾದ ಮೇಲೆ ಪ್ರತಿ ವರ್ಷ ಚಿಂಚೋಳಿ ಅಡವಿಗೆ ಹವಾ ತಿನ್ನಲು ಹೋಗುವುದೆಂದು ಊರಿಗೆಲ್ಲ ಸಾರಿದರು. ಉಳಿದದ್ದು ಮೂಲೆಯಲ್ಲಿ ಒಂದು ಪಾಯಖಾನೆ. ಅದನ್ನು ಆರಿಸುವ ಕೆಲಸ, ಕಲಿತವನೆಂಬ ಕಾರಣಕ್ಕೆ, ನನಗೆ ಬಂತು. ನನ್ನ ವಿದ್ಯೆಗೆ ಊರು ಕೊಟ್ಟ ಮೊದಲ ಹುದ್ದೆ ಅದು.

ಮೊದಲು ವಾಡಿ ಸ್ಟೇಷನ್ನಿಗೆ ಹೋಗಿ ರೈಲಿನದನ್ನು ಅಳೆದುಕೊಂಡು ಬಾ ಅಂದರು. ಫಸ್ಟ್ ಕ್ಲಾಸ್ ಡಬ್ಬಿ ಹೊಕ್ಕು, ದಾರ ಹಿಡಿದು ಅಳೆಯುತ್ತಿರುವಾಗ ಗಾಡಿ ಬಿಟ್ಟಿತು. ಚಿತ್ತಾಪುರದಲ್ಲಿ ಟಿಕೆಟ್ ಕಲೆಕ್ಟರ್ ಬಾಗಿಲು ಬಡಿದ. "ಒಳಗ ಏನ್ ಮಾಡಾಕತ್ತೀರಿ?" "ಅಳ್ಯಾಕತ್ತೀನ್ರಿ." ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ಪಾಪ ಅಂದುಕೊಂಡು ಇಳಿಸಿದ.

ಅಷ್ಟು ಕಷ್ಟಪಟ್ಟು ತಂದ ಅಳತೆ ಬರೀ ಒಂದು ತೂತಿನದಾಗಿತ್ತು. ಕೆಳಗೆ ಹಳಿ ಇದ್ದರೆ ನಡೆಯುತ್ತದೆ. ಸೇಡಂ ಪೇಟೆಯ ನಡುವೆ ಹಾದುಹೋಗುವ ಲಾರಿಗೆ ಹೇಗೆ? ನಮ್ಮ ಡ್ರೈವರ್, ಸುಣ್ಣದ ಭಟ್ಟಿಯಲ್ಲಿ ದುಡಿದು ಮುದುಕನಾದವನು, ತೀರ್ಪು ಕೊಟ್ಟ: "ಮಾಲಕ, ನಾವು ಯಾವ ದಾರಿ ಹಿಡಿದ್ವಿ ಅಂತ ಹಿಂದ್ ಬಂದವ್ರು ಯಾರನ್ನೂ ಕೇಳೋದು ಬ್ಯಾಡ."

ಪಿಂಗಾಣಿಯದು ತರಿಸಬಹುದಿತ್ತು. ಅದಕ್ಕೆ ಬೇಕಾದ ನೀರಿನ ಟಾಕಿ ಹೇರಿದರೆ ಅಜ್ಜಿಗೆ ಜಾಗವಿರಲಿಲ್ಲ. ಕಡೆಗೆ ದೌರೆಯ ಮೇಲೆ ಊರೂರು ತಿರುಗುವ ಸಾಹೇಬರು ಡೇರೆಯಲ್ಲಿ ಇಟ್ಟುಕೊಳ್ಳುವಂಥ ಕಟ್ಟಿಗೆಯ ಪೆಟ್ಟಿಗೆ-ಕುರ್ಚಿ ಸಿಕ್ಕಿತು: ಮೇಲೆ ತೂತು, ಒಳಗೆ ಎನಾಮಲ್ ಬಕೇಟು. ಜೊತೆಗೆ ಇಂಗ್ಲಿಷಿನ ಸಣ್ಣ ಪುಸ್ತಕ. ಮನೆಮಂದಿಯೆಲ್ಲ ಕೂತರು. ನಾನು ಪುರಾಣ ಓದಿದಂತೆ ಓದಿ ಅರ್ಥ ಹೇಳಿದೆ. ಬಕೇಟಿಗೆ ಒಣ ಮಣ್ಣು ಹಾಕಬೇಕೆಂದು ಬರೆದಿತ್ತು.

"ಮಣ್ಣು?" ಕಾಕಾ ನೊಂದುಕೊಂಡರು. "ಶಹಾಬಾದಿನವ್ರು ನಾವು. ಸುಣ್ಣ ಇರೋ ಊರಾಗ ಮಣ್ಣು ಹಾಕಿದ್ರು ಅಂತ ಮಂದಿ ನಗಬೇಕೇನು?"

ಹಿತ್ತಲ ಗುಂಡಿಗೆ ಸುಣ್ಣ ಚೆಲ್ಲುವುದು ನಮ್ಮ ಕಡೆಯ ವಾಡಿಕೆಯೇ. ಆದರೆ ಮೊದಲ ಪರೀಕ್ಷೆಯಲ್ಲಿ ಲಾರಿ ಕುಲುಕಿದ ಹಾಗೆಲ್ಲ ಸುಣ್ಣದ ಪುಡಿ ಎದ್ದು ಕಾಕಾ ಬೆಳ್ಳಗಾಗಿ ಇಳಿದರು. ಹಾಗಾಗಿ ಭಟ್ಟಿಯಿಂದ ನೇರವಾಗಿ, ಇನ್ನೂ ನೀರು ಕಾಣದ, ಮುಷ್ಟಿಗಾತ್ರದ ಸುಟ್ಟ ಸುಣ್ಣದ ಹರಳನ್ನೇ ಬಕೇಟಿಗೆ ತುಂಬುವುದೆಂದಾಯಿತು. ಕಾಕಾ ನನ್ನ ಕಡೆ ನೋಡಿದರು. ನಾನು ಆಗಬಹುದೆಂದು ತಲೆಯಾಡಿಸಿದೆ.

ಸುಟ್ಟ ಸುಣ್ಣಕ್ಕೆ ನೀರು ಬಿದ್ದರೆ ಕುದಿಯುತ್ತದೆಂದು ಶಹಾಬಾದಿನಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ನಾನಂತೂ ಅದನ್ನು ಕಾಲೇಜಿನಲ್ಲಿ ಉರ್ದುವಿನಲ್ಲಿ ಕಲಿತು, ಪರೀಕ್ಷೆಯಲ್ಲಿ ಉರ್ದುವಿನಲ್ಲೇ ಬರೆದು, ಅಲ್ಲೇ ಬಿಟ್ಟು ಬಂದಿದ್ದೆ. ಆ ಪೆಟ್ಟಿಗೆಗೂ ನೀರಿಗೂ ಸಂಬಂಧವಿದೆಯೆಂದು ಯಾರಿಗೂ ಹೊಳೆಯಲಿಲ್ಲ. ಪುಸ್ತಕದಲ್ಲಿ ನೀರಿನ ಮಾತೇ ಇರಲಿಲ್ಲ. ಅದರ ಬದಲು ಕಾಗದದಿಂದ ಒರೆಸಿಕೊಳ್ಳುವ ಬಗ್ಗೆ ಒಂದು ಪುಟವಿತ್ತು. ಅಜ್ಜಿ, ಕಾಕಾರ ಹೆಂಡತಿ ಕಾಕು ಎದುರಿಗಿದ್ದರು. ನಾಚಿಕೆಯಾಗಿ ಆ ಪುಟವನ್ನು ನಾನು ಓದದೆ ತಿರುವಿದೆ.

ಹೊರಟ ದಿನ ಸೇಡಂನಲ್ಲಿ ರಾತ್ರಿ ಕಳೆದು, ಮರುದಿನ ಬೆಳಗ್ಗೆ ಸುಲೇಪೇಟ ದಾಟಿದೆವು. ತೊಗರಿ ಹೊಲಗಳ ನಡುವೆ ಅಜ್ಜಿ ಗಾಡಿ ನಿಲ್ಲಿಸಲು ಹೇಳಿದಳು. ಕಾಕು ಅವಳನ್ನು ಕೂಡಿಸಿ ಕೆಳಗಿಳಿದಳು. ನಾವು ಗಂಡಸರು ಬೆನ್ನು ತಿರುಗಿಸಿ ನಿಂತೆವು. ಕಾಕಾರ ಮುಖದಲ್ಲಿ ಗೆಲುವಿತ್ತು.

ಒಳಗಿಂದ ಚೊಂಬಿನ ಸದ್ದು ಕೇಳಿತು. ಆಮೇಲೆ ನೀರು ಸುರಿದ ಸದ್ದು. ಡ್ರೈವರ್ ಗರಕ್ಕನೆ ತಿರುಗಿದ.

"ಒಳಗ ನೀರ್ ಯಾರ್ ಕೊಟ್ರಿ?"

"ಚೊಂಬು ಇಲ್ದೆ ಹ್ಯಾಂಗ ಕಳಸ್ಲಿ?" ಅಂದಳು ಕಾಕು.

ಆಗ ನನಗೆ ಉರ್ದುವಿನ ಆ ಪಾಠ ಇಡಿಯಾಗಿ ನೆನಪಾಯಿತು. ಮೊದಲು ಸುಯ್ ಎಂದಿತು. ಆಮೇಲೆ ಕಲ್ಲು ಸಿಡಿದಂತೆ ಚಟಚಟ, ಕಿಟಕಿಯಿಂದ ಬಿಳಿಯ ಹೊಗೆ, ಬಕೇಟು ಹಲಗೆಗೆ ಬಡಿದ ಸಪ್ಪಳ. ಡ್ರೈವರ್ ಬಾಗಿಲು ಒದ್ದು ನುಗ್ಗಿದ. ಅವನು ಹೊರಬರುವವರೆಗೆ ನಾನು ಅಜ್ಜಿಯನ್ನು ಕೊಂದೆನೆಂದೇ ತಿಳಿದಿದ್ದೆ. ಕನಸಿನಲ್ಲಿ ಈಗಲೂ ಆ ಬಾಗಿಲಿನಿಂದ ಯಾರೂ ಬರುವುದಿಲ್ಲ.

ಅವಳನ್ನು ಎತ್ತಿಕೊಂಡು ಬಂದ. ಬಲ ಮುಂಗೈಗೆ ಕುದಿಯುವ ಬಿಳಿ ಸುಣ್ಣ ಸಿಡಿದಿತ್ತು. ನಾನು ಕೊಡ ಹಿಡಿದು ಓಡಿದೆ. "ನಿಮ್ಮ ನೀರು ಸಾಕ್ ಮಾಡ್ರಿ!" ಅಂತ ಗದರಿ, ಅವನು ಒಣ ಬಟ್ಟೆಯಿಂದ ಸುಣ್ಣ ಒರೆಸಿ, ಅಡಿಗೆ ಗಂಟಿನಲ್ಲಿದ್ದ ಕುಸುಬಿ ಎಣ್ಣೆ ಸುರಿದ. ಭಟ್ಟಿಯವರ ಮದ್ದು ಅದು. ಕಣ್ಣಿಗೆ, ಉಳಿದ ಮೈಗೆ ಏನೂ ಆಗಿರಲಿಲ್ಲ. ಯಾಕೆಂದರೆ ಅವಳು ಆ ಕುರ್ಚಿಯ ಮೇಲೆ ಕೂತು ತೊಳೆದುಕೊಂಡಿರಲೇ ಇಲ್ಲ.

"ಕಟ್ಟಿಗಿ ನೆನದ್ರ ಆಮ್ಯಾಲ ಕೂಡೋರಿಗಿ ಹೇಸಿಗಿ ಅಲ್ಲೇನು?" ಅಂದಳು ಅಜ್ಜಿ. ಕಿಟಕಿಯ ಸರಳು ಹಿಡಿದು ಎದ್ದು, ಮೂಲೆಯಲ್ಲಿ ತೊಳೆದುಕೊಂಡು, ಉಳಿದ ನೀರನ್ನು ಕೈ ಚಾಚಿ ಬಕೇಟಿಗೆ ಸುರಿದಿದ್ದಳು. ಏಳಲಾರದ ಕಾಲಿನ ಮೇಲೆ ಎದ್ದಿದ್ದಳು, ಇನ್ನೊಬ್ಬರಿಗೆ ಹೇಸಿಗೆಯಾಗಬಾರದೆಂದು. ಏಳದಿದ್ದರೆ ಎಂಬ ವಾಕ್ಯವನ್ನು ನಾನು ಇಷ್ಟು ವರ್ಷದಲ್ಲಿ ಪೂರ್ತಿ ಮಾಡಿಲ್ಲ.

ಕಾಕಾ ಗಾಡಿ ಶಹಾಬಾದಿನ ಕಡೆ ತಿರುಗಿಸು ಅಂದರು. ಅಜ್ಜಿ ರೇಗಿದಳು. "ಕೈ ಸುಟ್ಟದ, ಜೀವ ಅಲ್ಲ. ನನ್ನ ತಂಗಿ ಆ ಕಡಿ ಅದಾಳ. ಬಕೇಟ್ ಬಿಸಾಕ್ರಿ. ಕುರ್ಚಿ ಇರಲಿ, ಅದರ ಮ್ಯಾಲ ಕೂತು ಏಳಾಕ ಬರ್ತದ."

ಹಾಗೆ ಪಾಯಖಾನೆಯ ಆಯ್ಕೆ ಮುಗಿಯಿತು. ಮಧ್ಯಾಹ್ನ ಇನ್ನೊಮ್ಮೆ ನಿಲ್ಲಿಸಬೇಕಾದಾಗ ಡ್ರೈವರ್ ತೊಗರಿಯ ಮರೆಯಲ್ಲಿ ಮೊಣಕೈಯಾಳದ ಗುಂಡಿ ತೋಡಿದ. ಬಕೇಟು ಹೋಗಿ ತಳವಿಲ್ಲದ ಕುರ್ಚಿಯನ್ನು ಅದರ ಮೇಲಿಟ್ಟೆವು. ಕಾಕು ಇಳಕಲ್ ಸೀರೆ ಹಿಡಿದು ಗೋಡೆಯಾದಳು. ಅಜ್ಜಿ ಯಾರ ಕೈಯನ್ನೂ ಹಿಡಿಯದೆ ತಾನೇ ಎದ್ದು ಬಂದಳು.

ಸಂಜೆಗೆ ಚಂದಾಪುರ ಮುಟ್ಟಿದೆವು. ತಂಗಿ ಹಾಸಿಗೆಯಿಂದಲೇ ಅಕ್ಕನ ಎಣ್ಣೆಗೈ ಹಿಡಿದು ಏನಾಯಿತೆಂದು ಕೇಳಿದಳು. ಅಜ್ಜಿ ಎಲ್ಲ ಹೇಳಿದಳು, ಚಟಚಟ ಸದ್ದನ್ನೂ ಮಾಡಿ ತೋರಿಸಿದಳು. ಮುದುಕಿಯರಿಬ್ಬರೂ ಕೆಮ್ಮು ಬರುವಷ್ಟು ನಕ್ಕರು.

"ಇಷ್ಟೆಲ್ಲಾ ಯಾರು ಹೇಳ್ಕೊಟ್ರು ನಿಮಗ?" ಅಂದಳು ತಂಗಿ.

ಅಜ್ಜಿ ಬಾಗಿಲಲ್ಲಿ ನಿಂತ ನನ್ನನ್ನು ನೋಡಿದಳು. ಆಮೇಲೆ ತಂಗಿಯ ಕಡೆ ತಿರುಗಿ, "ಯಾವುದೋ ಇಂಗ್ಲಿಷ್ ಪುಸ್ತಕ ಅಂತ" ಅಂದಳು.