ಕುಂಕುಮ ಹಚ್ಚಿದ ಬ್ಲೇಡು

ಯುದ್ಧದ ಕಾಲ. ಮದ್ದೂರಿನ ಹತ್ತಿರದ ಒಂದು ಸಣ್ಣ ಸಕ್ಕರೆ ಗಿರಣಿಯಲ್ಲಿ ನಾನು ಬೆಸುಗೆ ಕೆಲಸಕ್ಕಿದ್ದೆ. ಅಲ್ಲಿ ಹಬೆಯಿಂದ ತಿರುಗುವ ಟರ್ಬೈನನ್ನು ನೋಡಿಕೊಳ್ಳುತ್ತಿದ್ದವನು ನನ್ನ ಸ್ವಂತ ಅಣ್ಣ. ಅದರ ಚಕ್ರದ ಸುತ್ತಲಿನ ಕೆಲವು ಉಕ್ಕಿನ ಬ್ಲೇಡುಗಳ ಅಂಚು ಬಿರುಕು ಬಿಟ್ಟಿತ್ತು. ಯುದ್ಧದಿಂದಾಗಿ ಇಂಗ್ಲೆಂಡಿನಿಂದ ಹೊಸವು ಬರುವ ಹಾಗಿರಲಿಲ್ಲ. ಬೆಸೆದು ಕೊಡು ಅಂದರು, ಬೆಸೆದೆ.

ಬೆಸೆದರೆ ಮುಗಿಯಿತೇ? ಆ ಉಕ್ಕನ್ನು ಮತ್ತೆ ಕೆಂಪಗೆ ಕಾಯಿಸಿ, ಬಿಸಿ ಬೂದಿಯಲ್ಲಿ ಹೂತು, ತಾನಾಗಿಯೇ ತಣಿಯಲು ಬಿಡಬೇಕು. ಅವಸರ ಮಾಡಿದರೆ ಗಾಜಿನ ಹಾಗೆ ಒಡೆಯುತ್ತದೆ. ಟರ್ಬೈನಿನ ವೇಗದಲ್ಲಿ ಒಂದು ತುಂಡು ಹಾರಿದರೆ ಪಕ್ಕದಲ್ಲಿ ನಿಂತವನ ಕಥೆ ಮುಗಿಯಿತು. ಪಕ್ಕದಲ್ಲಿ ನಿಲ್ಲುವವನು ಅಣ್ಣ.

ಆಯುಧಪೂಜೆಯ ಬೆಳಿಗ್ಗೆ ಬ್ಲೇಡುಗಳನ್ನು ಕಾಯಿಸಿ, ಉಮಿಬೂದಿಯ ಗುಂಡಿಯಲ್ಲಿ ಹೂತು, ಸ್ನಾನಕ್ಕೆಂದು ಮನೆಗೆ ಹೋಗಿದ್ದೆ. ಬಂದು ನೋಡುತ್ತೇನೆ, ಗುಂಡಿ ಬರಿದು! ಅಣ್ಣ ಇಕ್ಕಳದಲ್ಲಿ ಅವನ್ನೆಲ್ಲ ಎತ್ತಿ, ತಂಬಿಗೆಗಟ್ಟಲೆ ನೀರು ಸುರಿದು ತೊಳೆದು, ಬಾಳೆ ಎಲೆಯ ಮೇಲೆ ಸಾಲಾಗಿಟ್ಟು, ಅರಿಸಿನ ಕುಂಕುಮ ಹಚ್ಚಿ, ಚೆಂಡು ಹೂ ಏರಿಸಿದ್ದಾನೆ.

"ಅಬ್ಬದ ದಿನ ಆಯುದವ ಬೂದೀಲಿ ಊತಿದ್ದೀಯಲ್ಲಾ, ಬುದ್ದಿ ಇದ್ದದಾ ನಿಂಗೆ?" ಎಂದು ನನ್ನನ್ನೇ ಗದರಿದ.

"ತಣೀಲಿ ಅಂತ ಮಡಗಿದ್ದೆ ಕಣಣ್ಣ! ನಿನ್ ಸಾವ ನೀನೇ ತೊಳ್ದು ಕುಂಕುಮ ಇಟ್ಟಿದ್ದೀಯ!"

ಹಬ್ಬದ ದಿನ ಸಾವಿನ ಮಾತು. ಅಣ್ಣನ ಮುಖ ಕಪ್ಪಿಟ್ಟಿತು. ಗಿರಣಿಯ ಸಾಹೇಬರೂ ಅವನ ಪರವೇ ನಿಂತರು. "ಪೂಜೆಯಾದದ್ದನ್ನು ಮತ್ತೆ ಬೆಂಕಿಗೆ ಹಾಕಬಾರದು. ಹನಕೆರೆ ಕಡೆಯಿಂದ ಕಬ್ಬಿನ ಗಾಡಿಗಳು ಹೊರಟಾಗಿದೆ. ಜೋಡಿಸು."

ಯಂತ್ರ ಓಡುವಾಗ ಆಫೀಸಿನಲ್ಲಿ ಕೂರುವವರಿಗೆ ಏನಂತೆ! ನನ್ನ ಮೈಯೆಲ್ಲ ಉರಿದುಹೋಯಿತು. ತಣ್ಣೀರು ಬಿದ್ದು ಬಿರುಕು ಬಿಟ್ಟಿದ್ದವನ್ನು ಮತ್ತೆ ಬೆಸೆದೆ, ಎಲ್ಲವನ್ನೂ ಕುಲುಮೆಗೆ ಹಾಕಿದೆ. ಕುಂಕುಮ ಸುಟ್ಟುಹೋಯಿತು, ಹೂವೂ ಸುಟ್ಟುಹೋಯಿತು. ಈ ಸಲ ಇಕ್ಕಳ ಹಿಡಿದು ಗುಂಡಿಯ ಪಕ್ಕದಲ್ಲೇ ಕೂತೆ, ಯಾರು ಬೈದರೂ ಏಳಲಿಲ್ಲ. ಗಾಡಿಗಳು ಕಾದವು. ಅಣ್ಣ ಹಬ್ಬದ ಊಟಕ್ಕೆ ನಮ್ಮ ಮನೆಗೆ ಬರಲಿಲ್ಲ.

ಆ ಹಂಗಾಮು ಪೂರ್ತಿ ಟರ್ಬೈನು ತಕರಾರಿಲ್ಲದೆ ಓಡಿತು. "ಎಲ್ಲಾ ನನ್ ಪೂಜೆ ಪಲ ಕಣಪ್ಪ. ಇವ್ನು ಕೆಡಿಸಕ್ ನೋಡ್ದ," ಎಂದು ನನ್ನ ಎದುರಿಗೇ ಅಣ್ಣ ಬಂದವರಿಗೆಲ್ಲ ಹೇಳುತ್ತಿದ್ದ. ತಲೆ ಬೆಳ್ಳಗಾದ ಮೇಲೂ ಬಿಡಲಿಲ್ಲ. ಪ್ರತಿ ಸಲವೂ ನನಗೆ ಅಷ್ಟೇ ಕೋಪ. ತಲೆ ಬೆಳ್ಳಗಾಗುವ ತನಕ ನೀನು ಉಳಿದದ್ದು ಯಾರಿಂದ ಎಂದು ಕೇಳಲು ಬಾಯಿ ತೆರೆಯುತ್ತಿದ್ದೆ. ಆಮೇಲೆ, ಹೇಳಿಕೊಳ್ಳಲಿ ಬಿಡು, ಹೇಳೋಕೆ ಇದ್ದಾನಲ್ಲ ಎಂದು ಸುಮ್ಮನಾಗುತ್ತಿದ್ದೆ.