ಜಟ್ಟಿಂಗಪ್ಪ ಬೆಸಿಲ್ ಚಕ್ರವರ್ತಿಯಾದದ್ದು

ಕೋಣಂದೂರಿನ ಸುತ್ತಮುತ್ತ ಜಟ್ಟಿಂಗಪ್ಪನ ಎತ್ತುಗಳಷ್ಟು ಪುರಾಣ ಕೇಳಿದ ಎತ್ತುಗಳು ಬೇರೆ ಇರಲಿಲ್ಲ. ಗದ್ದೆ ಹೂಡುವಾಗ ಈ ಬದುವಿನಿಂದ ಆ ಬದುವಿನವರೆಗೆ ಅವನು ಕರ್ಣ, ಅಲ್ಲಿಂದ ತಿರುಗಿ ಬರುವಾಗ ಅರ್ಜುನ. ಎರಡೂ ಕಡೆಯ ಮಾತು ಅವನದೇ. ಬುತ್ತಿ ತಂದ ಹೆಂಡತಿ ವೆಂಕಮ್ಮ ಬದುವಿನ ಮೇಲೆ ನಿಂತು, "ಎತ್ತು ಏನಂತಾವೆ? ಒಪ್ಕಂಡ್ವಾ?" ಎಂದು ಕೇಳುತ್ತಿದ್ದಳು.

"ಎದ್ರು ಮಾತಾಡಿದ್ರಲ್ವೇನೇ ಒಪ್ಪದು ಬಿಡದು," ಎಂದು ಅವನು ನೊಗ ಬಿಚ್ಚುತ್ತಿದ್ದ.

ಅವನ ಕೊರಗೇ ಅದು. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡಿದ ಮೇಲೆ ಎದುರುಬದುರು ಕೂತವರು ಆ ಪದ್ಯ ಹಿಡಿದು ಮಾತಿನಲ್ಲೇ ಕಾದಾಡಬೇಕು. ಎದುರಿನವನು ಮೊಂಡಾದರೆ ನಿನ್ನ ಮಾತೂ ಮೊಂಡು. ಜಟ್ಟಿಂಗಪ್ಪನ ಮಾತನ್ನು ಮಸೆದು ಹರಿತ ಮಾಡಿದ ಕಲ್ಲು ಒಂದೇ, ಅದು ಹೇರಂಬಯ್ಯ. ಆ ಹೇರಂಬಯ್ಯ ಅವನೆದುರು ಕೂರುವುದನ್ನು ಬಿಟ್ಟಿದ್ದರು.

ಹೇರಂಬಯ್ಯ ತೋಟ, ಗದ್ದೆ ಎರಡೂ ಇದ್ದ ಮನೆಯವರು. ಅವರ ಗದ್ದೆಯನ್ನು ಜಟ್ಟಿಂಗಪ್ಪನ ಮನೆಯವರು ಅಜ್ಜನ ಕಾಲದಿಂದ ಗೇಣಿಗೆ ಮಾಡುತ್ತಿದ್ದರು. ಅವನಿಗೆ ಅಕ್ಷರ ತಿದ್ದಿಸಿದವರು ಹೇರಂಬಯ್ಯ. ಮೊದಲ ಸಲ ದೂತನ ಪಾತ್ರ ಕೊಟ್ಟು, "ಹೆದರ್ಬೇಡ, ರಾಜ ಬೈದ್ರೆ ತಿರುಗಿ ಕೇಳು, ದೂತನಿಗೂ ಬಾಯಿ ಉಂಟು," ಎಂದವರೂ ಅವರೇ. ವರ್ಷಗಳು ಉರುಳಿ ದೂತ ಕೃಷ್ಣನಾದ, ಭೀಷ್ಮನಾದ. ಇಬ್ಬರ ಜೋಡಿ ಇದೆಯೆಂದರೆ ಹೊಸನಗರದಿಂದಲೂ ಜನ ಬರುತ್ತಿದ್ದರು.

ಆಮೇಲೆ ಉಳುವವನನ್ನು ಹಾಗೆಲ್ಲ ಎಬ್ಬಿಸಲಾಗದು ಎಂಬ ಕಾನೂನು ಬಂತು. ಅದು ಜಾರಿಯಾಗುವ ಮೊದಲೇ ಗದ್ದೆ ಬಿಡಿಸಿಕೊಳ್ಳುವುದು ಒಳ್ಳೆಯದೆಂದು ಹೇರಂಬಯ್ಯನವರಿಗೆ ನೆಂಟರು ಹೇಳಿಕೊಟ್ಟರು. ಹೇರಂಬಯ್ಯ ಬಿಡು ಎಂದರು, ಜಟ್ಟಿಂಗಪ್ಪ ಬಿಡುವುದಿಲ್ಲ ಎಂದ. ವ್ಯಾಜ್ಯ ತೀರ್ಥಹಳ್ಳಿಗೆ ಹೋಯಿತು. ಅಷ್ಟಾದರೂ ಇಬ್ಬರೂ ತಾಳಮದ್ದಳೆಗೆ ಕೂರುವುದು ನಿಂತಿರಲಿಲ್ಲ. ಜಗಳ ಕೋರ್ಟಿನದು, ಮಾತು ಚಾಪೆಯದು ಎಂದು ಇಬ್ಬರೂ ನಂಬಿದ್ದರು. ತಪ್ಪಿದ್ದು ಅಲ್ಲೇ.

ಅಂದು ಸಂಧಾನದ ಪ್ರಸಂಗ. ಕೌರವನಾಗಿ ಹೇರಂಬಯ್ಯ, "ಸೂಜಿಮೊನೆ ಊರುವಷ್ಟು ನೆಲವನ್ನೂ ಕೊಡೆ," ಎಂದರು. ಕೃಷ್ಣನಾಗಿದ್ದ ಜಟ್ಟಿಂಗಪ್ಪನ ನಾಲಿಗೆ ಮನಸ್ಸಿಗಿಂತ ಮುಂಚೆ ಓಡಿತು. "ಕೊಡುವುದಕ್ಕೆ ಸೂಜಿಯೂ ನಿನ್ನದಲ್ಲ, ನೆಲವೂ ನಿನ್ನದಲ್ಲ ಕೌರವಾ. ಕೊಡುವುದಿದ್ದರೆ ನೇಗಿಲಿನ ಮೊನೆಯ ಅಳತೆಯಲ್ಲಿ ಮಾತಾಡು. ಅದನ್ನು ಹಿಡಿದು ಗೊತ್ತುಂಟೇ ನಿನಗೆ?"

ಸಭೆ ಹೊಟ್ಟೆ ಹಿಡಿದು ನಕ್ಕಿತು. ಹಿಂದಿನ ಸಾಲಿನಲ್ಲಿ ಯಾರೋ ಸಿಳ್ಳೆ ಹಾಕಿದರು. ಹೇರಂಬಯ್ಯ ಶಾಲು ಹೆಗಲಿಗೆ ಹಾಕಿಕೊಂಡು ಪ್ರಸಂಗದ ನಡುವೆಯೇ ಎದ್ದು ನಡೆದರು. ಕೌರವನಿಲ್ಲದ ಸಂಧಾನ ಅಲ್ಲಿಗೇ ಮುಗಿಯಿತು.

ಅಂದಿನಿಂದ ಜಟ್ಟಿಂಗಪ್ಪ ಪ್ರತಿ ಸಂತೆಯಲ್ಲೂ ನಾರಾಯಣಮೂರ್ತಿ ಮೇಷ್ಟ್ರನ್ನು ಹುಡುಕಿಕೊಂಡು ಹೋಗುತ್ತಿದ್ದ. ಮೇಷ್ಟ್ರು ಹೈಸ್ಕೂಲಿನಲ್ಲಿ ಚರಿತ್ರೆ ಹೇಳುತ್ತಿದ್ದರು, ರಜೆಯಲ್ಲಿ ಭಾಗವತಿಕೆ ಮಾಡುತ್ತಿದ್ದರು.

"ಅಯ್ಯ ಏನಾದ್ರೂ ಅಂದ್ರಾ ಮೇಷ್ಟ್ರೇ?"

"ಗದ್ದೆ ವಿಷಯವಾ?"

"ಗದ್ದೆ ಅಲ್ಲಿರ್ಲಿ. ಕೂರೋ ವಿಷಯ."

"ಅವರೂ ಅದನ್ನೇ ಕೇಳ್ತಾರೆ ಮಾರಾಯ. ಜಟ್ಟಿಂಗ ಈಗ ಯಾರ ಎದ್ರು ಕೂರ್ತಾನೆ ಅಂತ."

"ಎತ್ತಿನ ಎದ್ರು ಅಂತ ಹೇಳಿ."

ಮೇಷ್ಟ್ರು ನಗಲಿಲ್ಲ. ಇವರಿಬ್ಬರು ಯಾವ ಪ್ರಸಂಗ ಹಿಡಿದರೂ ಅದರಲ್ಲಿ ರಾಜ್ಯ ಇರುತ್ತದೆ, ರಾಜ್ಯ ಎಂದರೆ ನೆಲ, ನೆಲ ಎಂದರೆ ಸಭೆಗೆ ನಗು. ಯಾರೂ ಕೇಳದ, ಕಾಣದ ದೇಶದ ಕಥೆಯೊಂದು ಸಿಕ್ಕರೆ ಹೇಗೆ? ಒಂದು ಭಾನುವಾರ ಜಟ್ಟಿಂಗಪ್ಪನನ್ನು ಕೂರಿಸಿಕೊಂಡು ಅವರು ಕಥೆ ಶುರುಮಾಡಿದರು.

ಸಾವಿರ ವರ್ಷದ ಹಿಂದೆ ಕಾನ್‌ಸ್ಟಾಂಟಿನೋಪಲ್ ಎಂಬ ಊರಿನಲ್ಲಿ ಬೆಸಿಲ್ ಎಂಬ ಎಳೆಯ ಚಕ್ರವರ್ತಿ. ಅವನ ಸುತ್ತ ಭಾರೀ ಮನೆತನಗಳು. ಅವರಿಗೆ ಸೀಮೆಗಟ್ಟಲೆ ಭೂಮಿ, ಸೈನ್ಯದ ಸೇನಾಪತಿಗಳೂ ಅವರೇ. ಸ್ಕ್ಲೇರೋಸ್ ಮನೆತನದ ಬರ್ದಾಸ ದಂಗೆಯೆದ್ದು ತಾನೇ ಚಕ್ರವರ್ತಿ ಎಂದ. ಅವನನ್ನು ಸೋಲಿಸಲು ಬೆಸಿಲ್ ಕಳಿಸಿದ್ದು ಇನ್ನೊಂದು ಭಾರೀ ಮನೆತನವಾದ ಫೋಕಾಸರ ಸೇನಾಪತಿಯನ್ನು. ಸ್ಕ್ಲೇರೋಸ್ ಸೋತು ಬಾಗ್ದಾದಿಗೆ ಓಡಿದ, ಅಲ್ಲಿ ವರ್ಷಗಟ್ಟಲೆ ಸೆರೆಯಲ್ಲಿದ್ದ. ಮುಂದೆ ಆ ಫೋಕಾಸನೂ ದಂಗೆಯೆದ್ದು, ರಣರಂಗದಲ್ಲೇ ಕುಸಿದು ಸತ್ತ. ಊರಿಗೆ ಮರಳಿ ಮತ್ತೆ ತಲೆಯೆತ್ತಿದ್ದ ಸ್ಕ್ಲೇರೋಸನಿಗೆ ಅಷ್ಟರಲ್ಲಿ ಮುಪ್ಪು ಬಂದಿತ್ತು, ಕಣ್ಣು ಮಂದವಾಗಿತ್ತು. ಶರಣಾಗಲು ಒಪ್ಪಿದ.

"ಇಬ್ರು ಹಿಡ್ಕೊಂಡು ಕರ್ಕೊಂಡು ಬರ್ತಾರೆ," ಎಂದರು ಮೇಷ್ಟ್ರು. "ಚಕ್ರವರ್ತಿ ಹೇಳ್ತಾನೆ, ನಾನು ಹೆದರ್ತಿದ್ದ ಮನುಷ್ಯನನ್ನ ಈಗ ಯಾರೋ ಕೈ ಹಿಡಿದು ನಡೆಸ್ತಿದಾರೆ ಅಂತ. ಆದ್ರೆ ಮುದುಕನ ಕಾಲಲ್ಲಿ ಕೆನ್ನೇರಳೆ ಪಾದರಕ್ಷೆ ಹಾಗೇ ಉಂಟು. ಅದು ಚಕ್ರವರ್ತಿ ಮಾತ್ರ ಹಾಕೋದು."

ಜಟ್ಟಿಂಗಪ್ಪನ ಕಣ್ಣು ಅಗಲವಾಯಿತು. "ಅದೊಂದ್ರ ಮೇಲೇ ಮಧ್ಯಾಹ್ನ ಪೂರಾ ಮಾತಾಡ್ಬೋದು. ಕಡೀಗೆ?"

"ಕಡೆಗೆ ರಾಜಿ. ಮುದುಕನಿಗೆ ಪಾನೀಯದ ಬಟ್ಟಲು ಕೊಡ್ತಾರೆ. ವಿಷ ಇಲ್ಲ ಅಂತ ತೋರ್ಸೋಕೆ ಚಕ್ರವರ್ತಿ ಮೊದ್ಲು ತಾನು ಒಂದು ಗುಟುಕು ಕುಡಿದು, ಅದೇ ಬಟ್ಟಲನ್ನ ಅವನ ಕೈಗೆ ಕೊಡ್ತಾನೆ. ಪದ್ಯ ಮಾಡಿ ಆಗಿದೆ."

"ಎಂಜಲು ಕೊಡ್ತಾನಾ?"

"ಅವರಲ್ಲಿ ಅದು ಪ್ರೀತಿ ಮಾರಾಯ."

"ಸ್ಕ್ಲೇರೋಸ ಯಾರು?"

"ದೊಡ್ಡ ಪಾತ್ರ ಅಂತ ಹೇರಂಬಯ್ಯ ಮೊದ್ಲೇ ಇಟ್ಕೊಂಡಿದಾರೆ. ಒಪ್ಪಿದ್ದೇ ಪುಣ್ಯ."

ಅಂದರೆ ಕುಡಿದು ಕೊಡಬೇಕಾದವನು ಜಟ್ಟಿಂಗಪ್ಪ. ಅವನು ಮುಟ್ಟಿದ ನೀರನ್ನು ಹೇರಂಬಯ್ಯನ ಮನೆಯಲ್ಲಿ ಯಾರೂ ಕುಡಿದವರಲ್ಲ. ತಾಳಮದ್ದಳೆಗೆ ಬೆಲ್ಲ ನೀರು ಬಂದರೆ ಅವನದು ಬೇರೆ ತಂಬಿಗೆ. ಅದು ಹಾಗೆಯೇ ಎಂದು ಅವನೂ ಎಷ್ಟೋ ವರ್ಷ ಬೇರೆ ತಂಬಿಗೆಯಲ್ಲೇ ಕುಡಿದಿದ್ದ. ಪದ್ಯ ಕಟ್ಟುವ ಹುರುಪಿನಲ್ಲಿ ಮೇಷ್ಟ್ರಿಗೆ ಅದೊಂದು ಹೊಳೆದಿರಲಿಲ್ಲ. ಜಟ್ಟಿಂಗಪ್ಪ ಬಾಯಿ ಬಿಡಲಿಲ್ಲ. ಬಿಟ್ಟರೆ ಪ್ರಸಂಗವೇ ನಿಂತುಹೋದರೆ?

ಶಾಲೆಯ ಹಾಲಿನಲ್ಲಿ ಮಧ್ಯಾಹ್ನ ಊಟವಾದ ಮೇಲೆ ಚಾಪೆ ಹಾಸಿದರು. ಹೇರಂಬಯ್ಯ ಬಂದರು, ಎದುರು ಕೂತರು, ಅವನ ಮುಖ ನೋಡಲಿಲ್ಲ. ಮೊದಲ ಪದ್ಯಕ್ಕೆ ಅವರು ನಾಲ್ಕೇ ಮಾತಿನಲ್ಲಿ ಅರ್ಥ ಹೇಳಿ ಮುಗಿಸಿದರು. ಜಟ್ಟಿಂಗಪ್ಪನೂ ಅಷ್ಟೇ. ಪಾದರಕ್ಷೆಯ ಪದ್ಯ ಬಂದಾಗ ಕಿಡಿ ಹತ್ತಿತು.

"ಕಿರೀಟ ಇಳಿಸಿ ಬಂದವನು ಪಾದರಕ್ಷೆಯನ್ನೇಕೆ ಉಳಿಸಿಕೊಂಡೆ ಬರ್ದಾಸಾ? ಅದು ಕಳಚುವವರೆಗೆ ನಿನ್ನ ಮುಖ ನೋಡೆ."

"ಕಿರೀಟ ತಲೆಗೆ ಭಾರ, ಇಳಿಸಲು ನೆನಪಾಯಿತು. ಕಾಲು ದೂರ, ಕಣ್ಣು ಮಂದ. ಮರೆತೆ ಪ್ರಭು."

"ಮುಪ್ಪಿನ ಮರೆವಿಗೆ ಎಂಥ ಜಾಣತನ. ಕಿರೀಟ ನೆನಪಿರುತ್ತದೆ, ಪಾದರಕ್ಷೆ ಮಾತ್ರ ಮರೆಯುತ್ತದೆ."

"ಕಿರೀಟ ನಾನು ಕದ್ದದ್ದು, ಅದಕ್ಕೇ ನೆನಪಿತ್ತು. ಪಾದರಕ್ಷೆಯಲ್ಲಿ ದೇಶವೆಲ್ಲ ಅಲೆದೆ. ಅದು ಪಾದವೇ ಆಗಿಬಿಟ್ಟಿದೆ. ಕಳಚು ಎನ್ನುವ ಬದಲು ಕಡಿ ಎನ್ನು."

ಜಟ್ಟಿಂಗಪ್ಪನ ಮೈ ಜುಮ್ಮೆಂದಿತು. ಎಷ್ಟು ದಿನವಾಗಿತ್ತು ಇಂಥ ಮಾತು ಕೇಳಿ. ಎತ್ತುಗಳಿಗಿರಲಿ, ತನಗೂ ಹೊಳೆಯದ ಮಾತು. ರಾಜ್ಯ ಉಳಿಸುವುದು ಹೇಗೆಂದು ಚಕ್ರವರ್ತಿ ಕೇಳಿದಾಗ ಸ್ಕ್ಲೇರೋಸ್, "ನಮ್ಮಂಥ ಮನೆತನಗಳನ್ನು ಬಲಿಯಗೊಡಬೇಡ. ಬಲಿತರೆ ನನ್ನಂಥವನು ಹುಟ್ಟುತ್ತಾನೆ," ಎನ್ನಬೇಕು. ಹೇರಂಬಯ್ಯ ಒಂದಕ್ಷರ ನುಂಗದೆ ಹೇಳಿದರು. ಈ ಸಲ ಯಾರೂ ನಗಲಿಲ್ಲ.

ಆಮೇಲೆ ಮೇಷ್ಟ್ರು ಬಟ್ಟಲಿನ ಪದ್ಯ ಎತ್ತಿದರು. ಹಾಡುತ್ತ ಹಾಡುತ್ತ ಅವರಿಗೇ ಹೊಳೆಯಿತೇನೋ, ಕೊನೆಯ ಸಾಲಿಗೆ ದನಿ ಇಳಿಯಿತು. ಚಾಪೆಯ ಪಕ್ಕದಲ್ಲಿ ಶಾಲೆಯ ಹಿತ್ತಾಳೆ ಲೋಟದಲ್ಲಿ ನೀರಿತ್ತು. ಮುಂದಿನ ಬೆಂಚಿನಲ್ಲಿ ಹೇರಂಬಯ್ಯನ ನೆಂಟರಿಷ್ಟರು ಕೂತಿದ್ದರು. ಕುಡಿದೆ ಎಂದು ಬಾಯಲ್ಲಿ ಹೇಳಿಯೂ ಮುಗಿಸಬಹುದು, ತಾಳಮದ್ದಳೆಯಲ್ಲಿ ಎಲ್ಲವೂ ಬಾಯಲ್ಲೇ. ಆದರೆ ಬಾಯಲ್ಲಿ ಹೇಳಿದರೂ ಎಂಜಲು ಎಂಜಲೇ. ಹೇಳಿದರೆ ಹೇರಂಬಯ್ಯ ಎದ್ದಾರು. ಬಿಟ್ಟು ಹಾರಿಸಿದರೆ, ಇವನು ತನ್ನ ಮೇಲೆ ಕರುಣೆ ತೋರಿದ ಎಂದು ಅವರು ಅಂದುಕೊಂಡಾರು. ಅದು ಅರ್ಥಧಾರಿಗೆ, ಮಾತಿನಲ್ಲೇ ಕಾದುವವನಿಗೆ, ಬೈಗುಳಕ್ಕಿಂತ ಕಡೆ.

ಜಟ್ಟಿಂಗಪ್ಪ ಲೋಟ ಎತ್ತಿ ಅಂಗೈ ಮೇಲೆ ಇಟ್ಟುಕೊಂಡ. "ಬರ್ದಾಸಾ, ಇದರಲ್ಲಿ ವಿಷವಿಲ್ಲವೆಂದು ತೋರಿಸಲು ನಾನು ಮೊದಲು ಕುಡಿಯಬೇಕಂತೆ. ಕುಡಿಯಲೇ? ನೀನೇ ಹೇಳು."

ಹೇರಂಬಯ್ಯ ಮೊದಲ ಬಾರಿಗೆ ಅವನ ಮುಖ ನೋಡಿದರು. ಮದ್ದಳೆಯವನು ಕೈ ಕಟ್ಟಿ ಕೂತ. ಹೇರಂಬಯ್ಯ, "ನಿನ್ನ ಮೇಲೆ ಸಂಶಯವಿದ್ದರಲ್ಲವೇ ನೀನು ಮೊದಲು ಕುಡಿಯುವುದು? ನನಗಿಲ್ಲ. ಕೊಡು," ಎಂದು ಕೈ ಚಾಚಿದರು.

ಕೊಟ್ಟ. ಅವನ ಕೈಯಿಂದ ಲೋಟ ತೆಗೆದುಕೊಂಡು, ತುಟಿಗೆ ತಾಗಿಸದೆ ಎತ್ತಿ, ಹೇರಂಬಯ್ಯ ಅಷ್ಟೂ ಕುಡಿದರು. ಮುಂದಿನ ಬೆಂಚಿನವರೊಬ್ಬರು ಎದ್ದು ಹೊರಗೆ ನಡೆದರು. ಉಳಿದ ಸಭೆ ಚಪ್ಪಾಳೆ ತಟ್ಟಿತು. ಎಂಥ ಉತ್ತರ ಎಂದು ಮದ್ದಳೆಯವನೂ ತಲೆದೂಗಿದ.

ಲೋಟ ಕೈದಾಟುವ ಮೊದಲೇ ಅದಕ್ಕೊಂದು ಮರುಮಾತು ಜಟ್ಟಿಂಗಪ್ಪನ ನಾಲಿಗೆಯ ತುದಿಗೆ ಬಂದಿತ್ತು. ಸಂಶಯವೇ ಇಲ್ಲದವನಿಗೆ ನಾನು ಕುಡಿದು ಕೊಟ್ಟರೇನು, ಕುಡಿಯದೆ ಕೊಟ್ಟರೇನು? ಬಂದ ಮಾತನ್ನು ನುಂಗಿ ಲೋಟ ಕೊಟ್ಟಿದ್ದ. ಮೇಷ್ಟ್ರು ಬೇಗಬೇಗನೆ ಮಂಗಳ ಹಾಡಿದರು.

ಜನ ಚದುರಿದ ಮೇಲೆ ಹೇರಂಬಯ್ಯ ಜಗಲಿಯ ಕಂಬದ ಹತ್ತಿರ ನಿಂತಿದ್ದರು. "ಜಟ್ಟಿಂಗ, ಅಲ್ಲೊಂದು ಮಾತು ಹೇಳದೆ ಬಿಟ್ಟೆ ನೀನು."

"ಹೌದಯ್ಯಾ."

"ಎಂತಕ್ಕೆ?"

"ನೀವು ಎದ್ದು ಹೋದ್ರೆ ಅಂತ."

"ಹೇಳ್ಬೇಕಿತ್ತು."

"ಹೇಳಿ, ನಾ ಕುಡಿದು ಕೊಟ್ಟಿದ್ರೆ ಕುಡೀತಿದ್ರಾ?"

ಹೇರಂಬಯ್ಯ ಬಯಲಿನ ಕಡೆ ತಿರುಗಿದರು. ಅಲ್ಲಿ ನೆಂಟರು ಕಾಯುತ್ತಿದ್ದರು, ಇವರ ಕಡೆ ಬೆನ್ನು ಹಾಕಿ. "ನೀ ಹೇಳಿದ್ರೆ ಗೊತ್ತಾಗ್ತಿತ್ತು. ಈಗ ನಂಗೂ ಗೊತ್ತಿಲ್ಲ."

ಅವರು ಮೆಟ್ಟಿಲಿಳಿದು ಹೋದರು. ಜಟ್ಟಿಂಗಪ್ಪ ಆ ಮರುಮಾತನ್ನು ಮೆಲ್ಲಗೆ, ಗಂಟಲಿನಲ್ಲೇ ಒಮ್ಮೆ ಹೇಳಿನೋಡಿದ. ಚೆನ್ನಾಗಿಯೇ ಇತ್ತು.